ಚುಕ್ಕಿಚಿತ್ರ ಮೀಮಾಂಸೆ, ಅಥವಾ ಕೋಶಗಳನ್ನು ತೋರಿಸದೆ ತೋರಿಸುವ ಕ್ರಮ

ವಿಷಯ: ಜೀವಕೋಶಗಳನ್ನು ದ್ರವದಲ್ಲಿ ಸಾಲಾಗಿ ಹರಿಯಬಿಟ್ಟು, ಒಂದೊಂದನ್ನೂ ಲೇಸರ್ ಕಿರಣಕ್ಕೆ ಒಡ್ಡಿ, ಅದು ಚೆದರಿಸುವ ಬೆಳಕನ್ನೂ ಅದಕ್ಕೆ ಅಂಟಿಸಿದ ಬಣ್ಣದ ಹೊಳಪನ್ನೂ ಅಳೆಯುವ ವಿದ್ಯೆಗೆ ಫ್ಲೋ ಸೈಟೊಮೆಟ್ರಿ ಎಂದು ಹೆಸರು. ಯಂತ್ರಕ್ಕೆ ಮುಚ್ಚುಮರೆ ತಿಳಿಯದು. ಸೆಕೆಂಡಿಗೆ ಸಾವಿರಾರು ಕೋಶಗಳನ್ನು ಅಳೆದು, ಕಂಡದ್ದನ್ನೆಲ್ಲ ಎಫ್‌ಸಿಎಸ್ ಕಡತದಲ್ಲಿ ಬರೆದಿಡುತ್ತದೆ. 1984ರಲ್ಲೇ ಈ ಕಡತಕ್ಕೊಂದು ಸಾಮಾನ್ಯ ರೂಪ ಕೊಟ್ಟ ಹಿರಿಯರು ನಮ್ಮ ಕಷ್ಟ ಯೋಚಿಸಲಿಲ್ಲ. ಇಂಥ ಬಾಯಿಬಡುಕ ಯಂತ್ರದ ಮಾತನ್ನು, ಕೋಶಕ್ಕೊಂದು ಚುಕ್ಕಿಯಿಟ್ಟ ಚಿತ್ರವಾಗಿಸಿ, ಪ್ರಕಟಣೆಗೆ ಹದಗೊಳಿಸುವುದೇ ಈ ಶಾಸ್ತ್ರದ ವಿಷಯ.

ಅಧಿಕಾರಿ: ಗಡುವು ಹತ್ತಿರ ಬಂದ ಸಂಶೋಧಕ. ಸಂಬಂಧ: ಚಿತ್ರಕ್ಕೂ ದತ್ತಾಂಶಕ್ಕೂ ದೂರದ ನೆಂಟಸ್ತಿಕೆ. ಪ್ರಯೋಜನ: ಬಡ್ತಿ.

ಸೂತ್ರ 1: ಅಕ್ಷಕ್ಕೆ ಮೌನವೇ ಭೂಷಣ.

ವ್ಯಾಖ್ಯಾನ: ಅಕ್ಷದ ಪಕ್ಕ ‘ಎಫ್‌ಐಟಿಸಿ’ ಎಂದು ಬಣ್ಣದ ಹೆಸರಷ್ಟೇ ಬರೆಯಬೇಕು. ಆ ಬಣ್ಣ ಯಾವ ಪ್ರೋಟೀನನ್ನು ಗುರುತಿಸುತ್ತಿದೆ ಎಂಬುದು ಗುರುಮುಖೇನ ತಿಳಿಯತಕ್ಕದ್ದು. ಅಂಕಿಗಳನ್ನು ಅಳಿಸಬೇಕು; ಉಳಿಸಿದರೆ ಓದುಗ ಲಾಗ್ ಅಳತೆಯ ವಿಚಾರ ಎತ್ತುತ್ತಾನೆ. ಒಂದು ಬಣ್ಣ ಇನ್ನೊಂದರ ಪತ್ತೆಕಕ್ಕೆ ಸೋರುವುದನ್ನು ಕಾಂಪನ್ಸೇಷನ್ ಮಾಡಿ ಕಳೆದಾಗ ಎಷ್ಟೋ ಕೋಶಗಳ ಬೆಲೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಲಾಗ್‌ನಲ್ಲಿ ಸೊನ್ನೆಗೇ ಜಾಗವಿಲ್ಲ, ಹಾಗಾಗಿ ಅವೆಲ್ಲ ಅಕ್ಷಕ್ಕೆ ಒತ್ತಿಕೊಂಡು ನಿಲ್ಲುತ್ತವೆ. 2006ರಲ್ಲಿ ಪಾರ್ಕ್ಸ್, ರೋಡರರ್, ಮೂರ್ ಎಂಬ ಮೂವರು ‘ಲಾಜಿಕಲ್’ ಎಂಬ ಅಳತೆ ಪ್ರಕಟಿಸಿ ಈ ಕೋಶಗಳಿಗೂ ಕಾಣಿಸಿಕೊಳ್ಳುವ ಹಕ್ಕು ಕೊಟ್ಟರು. ಅದು ಅತಿಯಾದ ಔದಾರ್ಯವೆಂದು ನಮ್ಮ ಮತ.

ಸೂತ್ರ 2: ಬೇಲಿಯು ಕರ್ತೃವಿನ ಇಚ್ಛೆ.

ವ್ಯಾಖ್ಯಾನ: ಯಾವ ಕೋಶ ಲೆಕ್ಕಕ್ಕೆ, ಯಾವುದು ಹೊರಕ್ಕೆ ಎಂದು ತೀರ್ಮಾನಿಸುವ ಗೆರೆಗೆ ಗೇಟು ಎನ್ನುತ್ತಾರೆ. ಯಾವ ಬಣ್ಣಕ್ಕೆ ಗೆರೆ ಎಳೆಯಬೇಕೋ ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹಾಕಿದ ಮಾದರಿಯನ್ನು ಯಂತ್ರಕ್ಕಿಟ್ಟು, ಗೆರೆ ಎಲ್ಲಿರಬೇಕೆಂದು ನೋಡಿಕೊಳ್ಳುವವರೂ ಇದ್ದಾರೆ. ಅವರಿಗೆ ಆತ್ಮವಿಶ್ವಾಸ ಸಾಲದು. ಬೇಲಿಯೇ ಎದ್ದು ಹೊಲ ಮೇಯುವುದು ಲೋಕಕ್ಕೆ ದೂರು, ನಮಗೆ ವಿಧಿ. ಸತ್ತ ಕೋಶಗಳನ್ನೂ ಹೊರಗಟ್ಟಬಾರದು. ಅವು ಕಂಡ ಕಂಡ ಪ್ರತಿಕಾಯವನ್ನು ಅಂಟಿಸಿಕೊಂಡು ಹೊಳೆಯುತ್ತವೆ. ಮತದಾರರ ಪಟ್ಟಿಯಲ್ಲಿರುವಂತೆ ಇಲ್ಲಿಯೂ ಗೆಲುವಿನ ಅಂತರ ಹೆಚ್ಚಿಸುವವರು ಅವರೇ.

ಸೂತ್ರ 3: ಶೇಕಡಾ ಹೇಳು, ಸಂಖ್ಯೆ ನುಂಗು.

ವ್ಯಾಖ್ಯಾನ: ಬೇಲಿಯೊಳಗೆ 517 ಕೋಶಗಳಿವೆ, ಮೂಲೆಯ ಚೌಕದಲ್ಲಿ 12 ಚುಕ್ಕಿಗಳಿವೆ ಎನ್ನೋಣ. ‘ಹನ್ನೆರಡು’ ಎಂದರೆ ಬೀದಿಯ ಹುಡುಗನೂ ಬೆರಳು ಮಡಚಿ ಎಣಿಸುತ್ತಾನೆ. ‘2.321%’ ಎಂದರೆ ವಿಮರ್ಶಕ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ. ಹನ್ನೆರಡರ ಎಣಿಕೆಯಲ್ಲಿ ಆಕಸ್ಮಿಕವಾಗಿಯೇ ಮೂರೂವರೆಯಷ್ಟು ಏರುಪೇರು ಸಹಜ, ಅಂದರೆ ಶೇಕಡಾ 29ರಷ್ಟು. ಆದರೆ ದಶಮಾಂಶ ಬಿಂದುವಿನಾಚೆ ಮೂರು ಅಂಕಿ ನಿಂತಿರುವಾಗ ಅದನ್ನು ಕೇಳುವ ಧೈರ್ಯ ಯಾರಿಗಿದೆ?

ಸೂತ್ರ 4: ಗುಡ್ಡಗಳೆಲ್ಲ ಸಮಾನ ಎತ್ತರ.

ವ್ಯಾಖ್ಯಾನ: ಎರಡು ಹಿಸ್ಟೋಗ್ರಾಮ್‌ಗಳನ್ನು ಒಂದರ ಮೇಲೊಂದು ಇಡುವಾಗ ಎರಡರ ಶಿಖರವನ್ನೂ ನೂರಕ್ಕೆ ಏರಿಸಬೇಕು. ಐವತ್ತು ಕೋಶಗಳ ಗುಡ್ಡವೂ ಐವತ್ತು ಸಾವಿರದ ಗುಡ್ಡವೂ ಹೆಗಲೆಣೆಯಾಗಿ ನಿಲ್ಲುತ್ತವೆ. ಕೆಳಗೆ ಹೊಳಪಿನ ಅಳತೆಯಾಗಿ ‘ಎಂಎಫ್‌ಐ’ ಎಂದು ಬರೆದು, ಅದು ಸರಾಸರಿಯೋ ಮಧ್ಯಾಂಕವೋ ಹೇಳದೆ ಬಿಡುವುದು ಶಿಷ್ಟಾಚಾರ.

ಪೂರ್ವಪಕ್ಷ: 2008ರಲ್ಲೇ ಮಿಫ್ಲೋಸೈಟ್ ಎಂಬ ಕನಿಷ್ಠ ನಿಯಮಾವಳಿ ಬಂದಿದೆಯಲ್ಲ? ಅಕ್ಷದಲ್ಲಿ ಪ್ರೋಟೀನಿನ ಹೆಸರೂ ಬಣ್ಣದ ಹೆಸರೂ ಇರಲಿ, ಅಳತೆ ಕಾಣಲಿ, ಬೇಲಿಗಳನ್ನು ಹಾಕಿದ ಕ್ರಮವನ್ನು ಮೊದಲಿಂದ ತೋರಿಸಿ, ಕೋಶಗಳ ದಟ್ಟಣೆ ತೋರುವ ಸಮೋನ್ನತ ರೇಖೆಗಳ ಹೊರಗುಳಿದ ಕೋಶಗಳನ್ನೂ ಚುಕ್ಕಿಯಾಗಿ ಇಡಿ ಎಂದು ಪತ್ರಿಕೆಗಳೇ ಕೇಳುತ್ತಿವೆಯಲ್ಲ? ಎಫ್‌ಸಿಎಸ್ ಕಡತ ಇಡಲು ಸಾರ್ವಜನಿಕ ಭಂಡಾರವೂ ಇದೆಯಲ್ಲ?

ಸಿದ್ಧಾಂತ: ಇವೆಲ್ಲ ಅರ್ಧ ದಿನದ ಕೆಲಸ, ಆದ್ದರಿಂದಲೇ ಯಾರಿಗೂ ಪುರುಸೊತ್ತಿಲ್ಲ. ತೀರಾ ಒತ್ತಾಯ ಬಂದರೆ ಅನುಬಂಧದ ಕೊನೆಯ ಪುಟದಲ್ಲಿ ಅಂಚೆಚೀಟಿಯ ಗಾತ್ರಕ್ಕೆ ಕುಗ್ಗಿಸಿ ಹಾಕತಕ್ಕದ್ದು. ಅದೂ ಸಾಲದಿದ್ದರೆ, ಹಲವು ಬಣ್ಣಗಳ ಅಳತೆಯನ್ನು ಎರಡೇ ಆಯಾಮಕ್ಕೆ ಇಳಿಸಿ ಕೋಶಗಳನ್ನು ದ್ವೀಪಗಳಾಗಿ ಹರಡುವ ಟಿ-ಸ್ನೀ ಚಿತ್ರವೇ ಗತಿ. ಅದರ ಅಕ್ಷಗಳಿಗೆ ಮಾನವಿಲ್ಲ, ದ್ವೀಪ ದ್ವೀಪಗಳ ನಡುವಿನ ದೂರವನ್ನು ನಂಬುವಂತಿಲ್ಲ. ಮುಖಪುಟಕ್ಕೆ ಮಾತ್ರ ಬಹಳ ಒಪ್ಪುತ್ತದೆ.

ಫಲಶ್ರುತಿ: ಈ ಸೂತ್ರಗಳನ್ನು ನಿಷ್ಠೆಯಿಂದ ಪಾಲಿಸಿದವನ ಚಿತ್ರವನ್ನು ಯಾರೂ ಅಲ್ಲಗಳೆಯಲಾರರು, ಏಕೆಂದರೆ ಅದು ಏನು ಹೇಳುತ್ತಿದೆಯೆಂದೇ ಯಾರಿಗೂ ತಿಳಿಯದು. ಐದು ವರ್ಷ ಬಿಟ್ಟು ತನ್ನದೇ ಪೇಪರ್ ತೆರೆದ ಕರ್ತೃವಿಗೂ ತಿಳಿಯದು. ಶಾಸ್ತ್ರಕ್ಕೆ ತನ್ನವರು, ಪರರು ಎಂಬ ಭೇದವಿಲ್ಲ.