ಕೆ.ಆರ್. ಪುರ ದಾಟುವ ಮುನ್ನದ ಲೆಕ್ಕಾಚಾರ

ಬೇರೆ ರಾಜ್ಯದಿಂದ ಬೆಂಗಳೂರಿನ ಇಂದಿರಾನಗರ, ಹಲಸೂರು, ಕೆ.ಆರ್. ಪುರಗಳ ಕಡೆಗೆ ಸಂಸಾರ ಸಾಗಿಸಲು ಹೊರಟ ಸಂಬಳದಾರರಲ್ಲಿ ಪೆಟ್ಟಿಗೆ ಕಟ್ಟುವುದಕ್ಕಿಂತ ಮೊದಲು ತೆರಿಗೆ ಮತ್ತು ವಿಮೆಯ ಕೋಷ್ಟಕ ಕಟ್ಟುವ ಸಂಪ್ರದಾಯವೊಂದು ಬೆಳೆದಿದ್ದು, ಆ ಕೋಷ್ಟಕದಲ್ಲಿ ಮೊತ್ತ ಕಿರಿದಾದಷ್ಟೂ ಚಿಂತೆ ಹಿರಿದಾಗುವುದು ಕಂಡುಬರುತ್ತದೆ.

ಇದಕ್ಕೆ ವೃತ್ತಿ ತೆರಿಗೆ, ಅಂದರೆ ದುಡಿದು ತಿನ್ನುತ್ತಿರುವ ಕಾರಣಕ್ಕೇ ರಾಜ್ಯವು ಸಂಬಳದಲ್ಲಿ ಮುರಿದುಕೊಳ್ಳುವ ಹಣ, ಉತ್ತಮ ನಿದರ್ಶನ. ದೆಹಲಿ, ಹರಿಯಾಣಗಳಲ್ಲಿ ಇದಿಲ್ಲ. ಕರ್ನಾಟಕದಲ್ಲಾದರೋ 25,000 ರೂಪಾಯಿ ಮುಟ್ಟಿದ ಮಾಸಿಕ ಸಂಬಳಕ್ಕೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300 ರೂಪಾಯಿ ಕಡಿತವಾಗಿ, ಸಂವಿಧಾನದ 276ನೆಯ ವಿಧಿ ಹಾಕಿದ ವರ್ಷಕ್ಕೆ 2,500ರ ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲುತ್ತದೆ. ಇಂದಿರಾನಗರದ ಮಾಲೀಕರು ಕೇಳುವ ಮುಂಗಡಕ್ಕೆ ತಲೆಯಾಡಿಸಿದವರೂ ಈ 200ನ್ನು ಕಂಡು ನಿಟ್ಟುಸಿರು ಬಿಡುತ್ತಾರೆ.

ವಿಮೆಯ ವಿಷಯವೂ ಹೀಗೆಯೇ. ಮೋಟಾರು ವಿಮೆಗೆ ದೇಶವನ್ನು ವಲಯಗಳಾಗಿ ಹಂಚಿದ್ದು, ಬೆಂಗಳೂರು ಎಂಟು ಮಹಾನಗರಗಳ 'ಎ' ವಲಯದಲ್ಲೂ ನೆರೆಯ ಹೊಸೂರು 'ಬಿ' ವಲಯದಲ್ಲೂ ಇವೆ. 2002ರ ಸುಂಕಪಟ್ಟಿಯಂತೆ ಐದು ವರ್ಷ ಮೀರದ, 1000 ಸಿಸಿಯೊಳಗಿನ ಕಾರಿನ ಸ್ವಂತ ಹಾನಿಯ ವಿಮೆಗೆ ಶೇ. 3.127 ಮತ್ತು ಶೇ. 3.039 ದರಗಳಿದ್ದವು, ಎಂದರೆ ಐದು ಲಕ್ಷ ಬೆಲೆಯ ಕಾರಿಗೆ ವರ್ಷಕ್ಕೆ 440 ರೂಪಾಯಿ ವ್ಯತ್ಯಾಸ. ಇದನ್ನು ಉಳಿಸಲೆಂದು ಹೊಸೂರಿನಲ್ಲಿ ನೆಲೆಸಿ ದಿನವೂ ಶಿವಾಜಿನಗರಕ್ಕೆ ಬರುವವರ ಪೆಟ್ರೋಲಿನ ಲೆಕ್ಕವನ್ನು ಯಾವ ಸುಂಕಪಟ್ಟಿಯೂ ತೋರಿಸುವುದಿಲ್ಲ.

ನಿಜವಾದ ಹೊರೆ ಮನೆಯ ಮುಂದೆ ನಾಲ್ಕು ಗಾಲಿಗಳ ಮೇಲೆ ನಿಂತಿರುತ್ತದೆ. ಕರ್ನಾಟಕದಲ್ಲಿ ಖಾಸಗಿ ಕಾರಿನ ಆಜೀವ ತೆರಿಗೆ, ಅಂದರೆ ವಾಹನದ ಆಯುಷ್ಯಕ್ಕೆಲ್ಲ ಒಂದೇ ಸಲ ತೆರುವ ಕಂದಾಯ, ಬೆಲೆಯನ್ನನುಸರಿಸಿ ಶೇ. 13, 14, 17, 18 ಎಂದು ಏರುತ್ತ, ಉಪಕರ ಸೇರಿದಾಗ ಮತ್ತಷ್ಟು ಉಬ್ಬುತ್ತದೆ. ಹನ್ನೆರಡು ಲಕ್ಷದ ಹೊಸ ಕಾರಿಗೆ ಉಪಕರ ಬಿಟ್ಟೇ 2,04,000 ರೂಪಾಯಿ. ಹಳೆಯ ಕಾರಿಗೆ ವಯಸ್ಸಿನ ರಿಯಾಯಿತಿ ಉಂಟಾದರೂ, ತವರು ರಾಜ್ಯದಲ್ಲಿ ಕಟ್ಟಿದ್ದನ್ನು ಹಿಂದೆ ಪಡೆಯಲು ಅಲ್ಲಿಯ ಕಚೇರಿಗೆ ಅರ್ಜಿ ಹಾಕಿ ಕಾಯಬೇಕಾಗಿರುವುದರಿಂದ, ಒಂದೇ ಕಾರು ಎರಡು ರಾಜ್ಯಗಳನ್ನು ಏಕಕಾಲಕ್ಕೆ ಸಾಕುವ ಸ್ಥಿತಿ ಒದಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಸೆಕ್ಷನ್ ಮರುನೋಂದಣಿಗೆ 12 ತಿಂಗಳ ಗಡುವು ಕೊಟ್ಟಿದೆ. ಪುದುಚೇರಿಯ ಫಲಕ ಹೊತ್ತ ಐಷಾರಾಮಿ ಕಾರುಗಳನ್ನು ನೋಡಿದರೆ ಕೆಲವರ ಪಂಚಾಂಗದಲ್ಲಿ ಹದಿಮೂರನೆಯ ತಿಂಗಳು ಬರುವುದೇ ಇಲ್ಲವೇನೋ ಎನ್ನಿಸುತ್ತದೆ.

ಇಂಥ ಹೋಲಿಕೆಗೆ ಊರು ಬಿಡಬೇಕಾಗಿಯೂ ಇರದ ಕಾಲವೊಂದಿತ್ತು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದರೂ ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶವು ಬ್ರಿಟಿಷ್ ರೆಸಿಡೆಂಟರ ವಶದಲ್ಲೇ ಉಳಿದುದರಿಂದ, ಚಿಕ್ಕಪೇಟೆಯಿಂದ ಹಲಸೂರಿಗೆ ಮನೆ ಬದಲಿಸಿದವರು ಸರ್ಕಾರವನ್ನೂ ಪುರಸಭೆಯನ್ನೂ ಒಂದೇ ಎತ್ತಿನಗಾಡಿಯಲ್ಲಿ ಬದಲಿಸುತ್ತಿದ್ದರು. 1947ರಲ್ಲಿ ದಂಡು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ಎರಡೂ ಪುರಸಭೆಗಳು ಸೇರಿ ಕಾರ್ಪೊರೇಷನ್ ಆದ ಮೇಲೆ ಆ ಸೌಲಭ್ಯ ತಪ್ಪಿತು.

ವರ್ಗಾವಣೆಯ ನೌಕರಿಯವರು ಹೊಸ ಕಾರು ಕೊಳ್ಳುವುದಾದರೆ, ಎರಡೆರಡು ವರ್ಷದ ತೆರಿಗೆ ಕಟ್ಟುವ, 2021ರಲ್ಲಿ ಬಂದ ಬಿಎಚ್ ಸರಣಿಯ ನೋಂದಣಿಗೆ ತಾವು ಅರ್ಹರೇ ಎಂದು ವಿಚಾರಿಸುವುದು ಮೇಲು. ಉಳಿದವರು ಹಳೆಯ ಕಾರನ್ನು ಊರಲ್ಲೇ ಮಾರಿ ಬರುವುದು ಲಾಭದಾಯಕ; ಏಕೆಂದರೆ ಕೆ.ಆರ್. ಪುರದಿಂದ ಇಂದಿರಾನಗರ, ಹಲಸೂರುಗಳಿಗೆ ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್ 9ರಿಂದ ಓಡುತ್ತಿದ್ದು, ಅದರ ಟಿಕೆಟ್ಟಿಗೆ ಎಲ್ಲ ರಾಜ್ಯದವರಿಗೂ ಒಂದೇ ದರ.