ಎಷ್ಟು ಬಂತೇ ಇವತ್ತು?

ಬೆಳಿಗ್ಗೆ ಏಳು ಗಂಟೆಗೆ ಆಚೆಮನೆ ಅತ್ತಿಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಡುತ್ತಾಳೆ. ನಾನು ಆ ಹೊತ್ತಿಗೆ ದೇವರಿಗೆ ದಾಸವಾಳ ಕೊಯ್ಯುತ್ತಾ ಬೇಲಿ ಹತ್ತಿರ ಇರುತ್ತೇನೆ. ಕ್ಯಾನು ಕೆಳಗಿಟ್ಟು, ದಣಪೆಗೆ ಕೈ ಊರಿ ಅವಳು ಕೇಳುವ ಮೊದಲ ಮಾತು ದಿನವೂ ಒಂದೇ.

"ಎಷ್ಟು ಬಂತೇ ಇವತ್ತು?"

"ಅರವತ್ತೊಂಬತ್ತು ಪಾಯಿಂಟ್ ಆರು."

"ನಿನ್ನೆಗಿಂತ ಜಾಸ್ತಿ ಆತಲ್ಲೇ."

"ನಿನ್ನೆ ರಾತ್ರಿ ಗಂಜಿ ಊಟಕ್ಕೆ ಅಪ್ಪೆಮಿಡಿ ಎರಡು ಹಾಕ್ಕಂಡಿದ್ದೆ. ಉಪ್ಪು ನೀರು ಹಿಡಿದಿರ್ತು. ನಾಡಿದ್ದಿಗೆ ಇಳೀತು. ನಿಂದು?"

"ಎಪ್ಪತ್ತನಾಲ್ಕು. ಅಲ್ಲೇ ನಿಂತಿದ್ದು."

ರಸ್ತೆಯಲ್ಲಿ ಹೋಗುವವರಿಗೆ ಇದು ಅಡಿಕೆ ಲೆಕ್ಕವೋ ಹಾಲಿನ ಲೆಕ್ಕವೋ ಅನ್ನಿಸಬಹುದು. ಇದು ನಮ್ಮಿಬ್ಬರ ಮೈತೂಕ. 2024ರ ಚೌತಿ ಕಳೆದ ಮೇಲೆ ಶುರುವಾದ ಮಾತು ಇವತ್ತಿಗೂ ನಡೆದಿದೆ. ಅವಳು ತವರಿಗೆ ಹೋದ ದಿನ ನಾನು ತಕ್ಕಡಿಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಹಿಂದಿನ ದರೆ ಮೇಲೆ ಮಾತ್ರ. ಅಲ್ಲಿಗೆ ಹತ್ತಿ ಕಳಿಸುತ್ತೇನೆ.

ಮೊದಲಿಂದ ಹೇಳುತ್ತೇನೆ. 2023ರ ಮಾರಿಕಾಂಬಾ ಜಾತ್ರೆ ಮುಗಿಸಿಕೊಂಡು ಬಂದ ವಾರ ಮಂಡಿ ನೋವೆಂದು ಸಾಗರದ ಡಾಕ್ಟರ ಹತ್ತಿರ ಹೋದೆ. ಅವರು ಮಂಡಿ ನೋಡುವ ಮೊದಲು ತಕ್ಕಡಿ ಹತ್ತಿಸಿದರು: 78 ಕಿಲೋ. ಮೂರು ತಿಂಗಳ ಸಕ್ಕರೆಯ ಸರಾಸರಿ 6.3. ಇನ್ನು 0.2 ಹತ್ತಿದರೆ ಸಕ್ಕರೆ ಕಾಯಿಲೆಯ ಗೆರೆ. ನನ್ನ ಅಮ್ಮ ಕಾಲಿನ ಒಂದು ಸಣ್ಣ ಗಾಯ ಇಟ್ಟುಕೊಂಡು ಎಂಟು ತಿಂಗಳು ಮಲಗಿದ್ದನ್ನು ಕಂಡವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಿನಲ್ಲಿರುವ ಮಗಳು ಒಂದು ಡಿಜಿಟಲ್ ತಕ್ಕಡಿ ಕಳಿಸಿ, ಫೋನಿಗೆ ಊಟ ಬರೆಯುವ ಆಪ್ ಹಾಕಿಕೊಟ್ಟಳು. ತಕ್ಕಡಿ ಬಂದ ದಿನವೇ ತಕರಾರು. ಜಗುಲಿಯಲ್ಲಿ ನಿಂತರೆ ಒಂದು ತೂಕ, ಒಳಗೆ ನಿಂತರೆ ಇನ್ನೊಂದು, ಹೆಚ್ಚುಕಡಿಮೆ ಒಂದು ಕಿಲೋ ಅಂತರ. ತಕ್ಕಡಿಯನ್ನು ಬೈದದ್ದಾಯಿತು. ತಪ್ಪು ಅದರದ್ದಲ್ಲ. ನಮ್ಮದು ಅಜ್ಜನ ಕಾಲದ ಕೆಂಪು ಸಿಮೆಂಟಿನ ನೆಲ, ಅಲ್ಲಲ್ಲಿ ತಗ್ಗು. ಈ ತಕ್ಕಡಿಗಳಿಗೆ ನಾಲ್ಕು ಕಾಲಲ್ಲೂ ಭಾರ ಅಳೆಯುವ ಸೆನ್ಸರ್ ಇರುತ್ತದೆ. ನಾಲ್ಕೂ ಗಟ್ಟಿಯಾಗಿ, ಸಮವಾಗಿ ಕೂರಬೇಕು. ಬಚ್ಚಲಿನ ಪಕ್ಕ ಒಂದು ಕಡಪ ಕಲ್ಲು ಹಾಸಿಸಿ ಅಲ್ಲೇ ಇಟ್ಟೆವು. ಅಂದಿನಿಂದ ಅದು ಕದಲಿಲ್ಲ, ಲೆಕ್ಕವೂ ತಪ್ಪಲಿಲ್ಲ. ನೀವು ತಂದರೂ ಮೊದಲು ಜಾಗ ಗೊತ್ತುಮಾಡಿ. ಬೆಳಿಗ್ಗೆ ಎದ್ದು, ಬಚ್ಚಲಿಗೆ ಹೋಗಿಬಂದು, ಕಷಾಯ ಕುಡಿಯುವ ಮೊದಲು ಹತ್ತಿ.

ಆಪ್‌ನ ವಿಷಯ ಬೇರೆ. ಬೆಂಗಳೂರಿನಲ್ಲೇ 2012ರಲ್ಲಿ ಹುಟ್ಟಿದ ಹೆಲ್ದಿಫೈಮಿಯಂಥವು ಬಂದ ಮೇಲೆ ಇಡ್ಲಿ, ಚಪಾತಿ, ಸಾರುಗಳಿಗೂ ಫೋನಿನಲ್ಲಿ ಲೆಕ್ಕ ಸಿಗುವಂತಾಯಿತು. ನನ್ನ ಫೋನಿನಲ್ಲಿದ್ದದ್ದು ಇನ್ಯಾವುದೋ. ಅದಕ್ಕೆ ತಂಬುಳಿ ಗೊತ್ತಿಲ್ಲ, ಪತ್ರೊಡೆ ಗೊತ್ತಿಲ್ಲ, ತೊಡೆದೇವು ಗೊತ್ತಿಲ್ಲ. ಒಂದೆಲಗದ ತಂಬುಳಿಯನ್ನು ಮಜ್ಜಿಗೆ ಅಂತ ಬರೆದೆ, ತೆಳ್ಳೇವನ್ನು ದೋಸೆ ಅಂತ ಬರೆದೆ. ಆದರೂ ಕೆಲಸ ನಡೆಯಿತು. ಮಧ್ಯಾಹ್ನ ಮೂರನೇ ಸಲ ಅನ್ನ ಬಡಿಸಿಕೊಳ್ಳುವಾಗ "ಇದನ್ನೂ ಬರೆಯಬೇಕಲ್ಲ" ಎಂಬ ನೆನಪು ಬಂದರೆ ಕೈ ತಾನಾಗಿ ನಿಲ್ಲುತ್ತದೆ. ಬರವಣಿಗೆಯ ಉಪಕಾರ ಅದು. ಡಿಸೆಂಬರ್ ಹೊತ್ತಿಗೆ 69 ಕಿಲೋಗೆ ಬಂದೆ. ಸಕ್ಕರೆ ಗೆರೆಯಿಂದ ದೂರ ಸರಿಯಿತು. ಊರಲ್ಲೆಲ್ಲ ಅದೇ ಮಾತು, "ಎಂತ ಮಾಡಿದ್ಯೇ, ಹೇಳೇ."

ಆಪ್ ಹೂವಿನ ಚಿತ್ರ ತೋರಿಸಿ ಗುರಿ ಮುಟ್ಟಿದಿರಿ ಅಂದಿತು. ನಾನೂ ಮುಗಿಯಿತು ಅಂದುಕೊಂಡು ಬರೆಯುವುದು ಬಿಟ್ಟೆ. ತಕ್ಕಡಿಯ ಮೇಲೆ ಒಗೆದ ಬಟ್ಟೆಯ ಬುಟ್ಟಿ ಬಂದು ಕೂತಿತು. ಆಲೆಮನೆ ಬಂತು, ಮದುವೆಗಳು ಬಂದವು, ಆರಿದ್ರಾ ಮಳೆ ಹಿಡಿಯಿತು, ಹಲಸಿನ ಹಪ್ಪಳ ಕರಿದದ್ದಾಯಿತು, ಹಲಸಿನ ಕಡುಬಾಯಿತು. ಚೌತಿಯ ಮಾರನೇ ದಿನ ಬುಟ್ಟಿ ಎತ್ತಿಟ್ಟು ಹತ್ತಿದರೆ 73 ಪಾಯಿಂಟ್ ಐದು.

ಅತ್ತು ಬಿಟ್ಟೆ. ಆಗ ಸಮಾಧಾನ ಹೇಳಿದವರು ನಮ್ಮನೆಯವರು. ಅವರು ಹೇಳಿದ್ದು ಅಡಿಕೆ ಮಾತು. "ಬೇಯಿಸಿ, ಚೊಗರು ಕೊಟ್ಟು, ಚಪ್ಪರದಲ್ಲಿ ಒಣಗಿಸಿದಲ್ಲಿಗೆ ಅರ್ಧ ಕೆಲಸ ಅಷ್ಟೇ. ಮಳೆಗಾಲ ದಾಟಿಸದು ಇನ್ನರ್ಧ." ನಿಜ. ಆಷಾಢದಲ್ಲಿ ಅವರು ವಾರಕ್ಕೊಂದು ಸಲ ಅಟ್ಟ ಹತ್ತಿ ಚೀಲದ ಬಾಯಿ ಬಿಚ್ಚಿ, ಎರಡು ಅಡಿಕೆ ಒಂದಕ್ಕೊಂದು ತಾಗಿಸಿ ಸದ್ದು ಕೇಳುತ್ತಾರೆ. ಸದ್ದು ಮಂದವಾದರೆ ತೇವ ಹಿಡಿದಿದೆ ಎಂದರ್ಥ. ಒಣಗಿದ ಅಡಿಕೆ ಗಾಳಿಯ ತೇವ ಎಳೆದುಕೊಳ್ಳುವುದು ಅದರ ಗುಣ. ಅದಕ್ಕೆ ಯಾರೂ ಅಡಿಕೆಯನ್ನು ಬೈಯುವುದಿಲ್ಲ, ಕಾವಲು ಕಾಯುತ್ತಾರೆ.

ಮೈಗೂ ಹಾಗೇ ಒಂದು ಗುಣ ಇದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಕೊಬ್ಬು ಕರಗಿದಾಗ, ಸಾಕು ಎಂದು ಮಿದುಳಿಗೆ ಹೇಳುವ ಲೆಪ್ಟಿನ್ ಕಡಿಮೆಯಾಗುತ್ತದೆ, ಹಸಿವು ಎಬ್ಬಿಸುವ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದಲ್ಲಿ 50 ಜನರನ್ನು ಹತ್ತು ವಾರ ತೀರ ಕಡಿಮೆ ಊಟದಲ್ಲಿಟ್ಟು ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷ ಕಳೆದರೂ ಆ ಹಸಿವಿನ ರಸಗಳು ಮೊದಲಿನ ಹದಕ್ಕೆ ಬಂದಿರಲಿಲ್ಲ. ಅಮೆರಿಕದಲ್ಲಿ ಟಿವಿ ಸ್ಪರ್ಧೆಗಾಗಿ ಸರಾಸರಿ 58 ಕಿಲೋ ಇಳಿಸಿದ 14 ಜನರನ್ನು ಆರು ವರ್ಷದ ಮೇಲೆ ನೋಡಿದರೆ 41 ಕಿಲೋ ವಾಪಸು ಬಂದಿತ್ತು. ಸುಮ್ಮನೆ ಕೂತಾಗ ಅವರ ಮೈ ಸುಡುತ್ತಿದ್ದ ಶಕ್ತಿ ಲೆಕ್ಕಕ್ಕಿಂತ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆ. ತುಪ್ಪ ಹಾಕಿದ ಎರಡು ಹೋಳಿಗೆ ಅಂದುಕೊಳ್ಳಿ. ಇದು 2016ರ ವರದಿ. ಓದಿ ನನಗೆ ಹೆದರಿಕೆಗಿಂತ ನೆಮ್ಮದಿಯೇ ಹೆಚ್ಚಾಯಿತು. ನಾಲಿಗೆ ಚಪಲ, ಹಟ ಇಲ್ಲ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೆನಲ್ಲ, ಅದನ್ನು ನಿಲ್ಲಿಸಿದೆ.

ಅದೇ ವಾರ ಬೇಲಿ ಹತ್ತಿರ ಅತ್ತಿಗೆಗೆ ಎಲ್ಲ ಹೇಳಿದೆ. ಅವಳದ್ದೂ ಇದೇ ಪಾಡು, ಆರು ಇಳಿಸಿ ನಾಲ್ಕು ಹತ್ತಿಸಿಕೊಂಡಿದ್ದಳು. "ದಿನಾ ನೋಡನ ಹಂಗಾರೆ. ನಾ ಕೇಳ್ತಿ, ನೀ ಹೇಳು. ನೀ ಕೇಳು, ನಾ ಹೇಳ್ತಿ" ಅಂದಳು. ನಮ್ಮ ಪದ್ಧತಿ ಇಷ್ಟೇ.

ಇದನ್ನೇ ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ರೀನಾ ವಿಂಗ್ ಮತ್ತು ಸಂಗಡಿಗರು ಆಗಲೇ ಸರಾಸರಿ 19 ಕಿಲೋ ಇಳಿಸಿದ್ದ 314 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ತಿಂಗಳಿಗೊಂದು ಪತ್ರ. ಉಳಿದೆರಡಕ್ಕೂ ದಿನಾ ತೂಕ ನೋಡುವ ಪಾಠ, ಒಂದಕ್ಕೆ ಇಂಟರ್ನೆಟ್ಟಿನಲ್ಲಿ, ಇನ್ನೊಂದಕ್ಕೆ ಎದುರೆದುರು ಕೂರಿಸಿ. ಹಸಿರು, ಹಳದಿ, ಕೆಂಪು ಎಂದು ಗಡಿ ಹಾಕಿಕೊಟ್ಟಿದ್ದರು: 2.3 ಕಿಲೋ ಏರಿದರೆ ಕೆಂಪು, ಅಂದಿನಿಂದಲೇ ಊಟಕ್ಕೆ ಕಡಿವಾಣ. ಹದಿನೆಂಟು ತಿಂಗಳಾಗುವಾಗ ಅಷ್ಟು ತೂಕ ವಾಪಸು ಬಂದವರು ಪತ್ರದ ಗುಂಪಿನಲ್ಲಿ ನೂರಕ್ಕೆ 72, ಇಂಟರ್ನೆಟ್ ಗುಂಪಿನಲ್ಲಿ 55, ಎದುರು ಕೂತವರಲ್ಲಿ 46. ಇದು 2006ರಲ್ಲಿ ಪ್ರಕಟವಾದದ್ದು, ಸ್ಮಾರ್ಟ್‌ಫೋನ್ ಹರಡುವ ಮೊದಲು. ಹತ್ತು ವರ್ಷದ ಮೇಲೆ, 2016ರಲ್ಲಿ, ಮೈಗೆ ಕಟ್ಟುವ ಎಣಿಕೆ ಪಟ್ಟಿ ಕೊಟ್ಟು 470 ಜನರ ಮೇಲೆ ನಡೆದ ಇನ್ನೊಂದು ಪರೀಕ್ಷೆಯ ಫಲ ಬಂತು. ಎರಡು ವರ್ಷದ ಕೊನೆಗೆ ಪಟ್ಟಿ ಕಟ್ಟಿದವರಲ್ಲಿ ಇಳಿದು ಉಳಿದದ್ದು 3.5 ಕಿಲೋ, ಪಟ್ಟಿ ಇಲ್ಲದವರಲ್ಲಿ 5.9.

"ಹಂಗಾರೆ ಮಶಿನಿಗಿಂತ ಮನುಷ್ಯರೇ ಸೈ ಅಂತಾತು" ಅಂದಳು ಅತ್ತಿಗೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ತಕ್ಕಡಿ ಇಲ್ಲದಿದ್ದರೆ ಅವಳು ಕೇಳುವುದಕ್ಕೂ ನಾನು ಹೇಳುವುದಕ್ಕೂ ಏನಿತ್ತು? 2024ರ ಚೌತಿಯ ಹೊತ್ತಿಗೆ ನಾಲ್ಕೂವರೆ ಕಿಲೋ ಏರಿದ್ದು ನನ್ನ ಕಣ್ಣಿಗೂ ಕಾಣಲಿಲ್ಲ, ಅವಳ ಕಣ್ಣಿಗೂ ಕಾಣಲಿಲ್ಲ. ಯಂತ್ರ ಕಂಡು ಹೇಳಬೇಕು, ಮನುಷ್ಯರು ಕೇಳಬೇಕು.

ನಡಿಗೆಯ ಮಾತಿಗೆ ಬಂದರೆ ಸಾಗರ ಪೇಟೆಯವರಿಗೆ ಗಣಪತಿ ಕೆರೆಯ ದಂಡೆ ಇದೆ. ನಮ್ಮಂಥ ಹಳ್ಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ. ಚಳಿ ಶುರುವಾಗುವಾಗಿನಿಂದ ಮೇ ತನಕ ಉಣುಗಿನ ಹೆದರಿಕೆ. ಉಣುಗು ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ. 2019ರಲ್ಲಿ ನಮ್ಮ ತಾಲೂಕಿನ ಅರಳಗೋಡು ಪಟ್ಟ ಪಾಡು ಮರೆಯುವಂಥದ್ದಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯ ಡೆಪಾ ತೈಲ ಹಚ್ಚಿಕೊಂಡು ದರಕು ತರಲು ಹೋಗುವುದು ಸರಿ, ತೂಕಕ್ಕಾಗಿ ಬೆಟ್ಟ ಸುತ್ತುವುದು ಬೇಡ. ಹೊಸನಗರ, ತೀರ್ಥಹಳ್ಳಿ ಕಡೆಯ ಕಾಡಂಚಿನವರಿಗೂ ಇದೇ ಮಾತು.

ಹಾಗಾಗಿ ನಾನು ನಡೆಯುವುದು ಜಗುಲಿಯಲ್ಲಿ. ಈ ತುದಿಯಿಂದ ಆ ತುದಿಗೆ 38 ಹೆಜ್ಜೆ. ಫೋನು ಹೆಜ್ಜೆ ಎಣಿಸುವುದು ಒಳಗಿನ ಅಲುಗಾಟದ ಸೆನ್ಸರಿನಿಂದ, ಅದಕ್ಕೆ ನೆಟ್‌ವರ್ಕ್ ಬೇಡ. ಆದರೆ ಫೋನು ಮೈಮೇಲೆ ಇರಬೇಕು. ನಮ್ಮ ಹೆಂಗಸರು ಕೊಟ್ಟಿಗೆ, ತೋಟ, ಬಾವಿಕಟ್ಟೆ ಅಂತ ದಿನವಿಡೀ ಓಡಾಡಿದರೂ ಫೋನು ಚಾರ್ಜಿಗೆ ಹಾಕಿದಲ್ಲೇ ಕೂತಿರುತ್ತದೆ, ಸಂಜೆ ನೋಡಿದರೆ ಮುನ್ನೂರು ಹೆಜ್ಜೆ. ನಾನು ಹಳೇ ಸೀರೆಯ ಅಂಚಿನಲ್ಲಿ ಒಂದು ಚೀಲ ಹೊಲಿದು ಸೊಂಟಕ್ಕೆ ಕಟ್ಟಿಕೊಂಡೆ. ಅತ್ತಿಗೆಗೂ ಒಂದು ಕೊಟ್ಟೆ. ಮೊದಲ ದಿನವೇ ಅವಳದ್ದು ಆರು ಸಾವಿರ ದಾಟಿತ್ತು.

ಹತ್ತು ಸಾವಿರವೇ ಆಗಬೇಕೆಂಬ ನಿಯಮವೇನೂ ಇಲ್ಲ. ಆ ಲೆಕ್ಕ 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಕೆ ಯಂತ್ರದ ಹೆಸರಿನಿಂದ ಬಂದದ್ದು. ವಯಸ್ಸಾದ 16 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ನೋಡಿದ 2019ರ ಅಧ್ಯಯನವೊಂದರಲ್ಲಿ ಆಯುಷ್ಯದ ಲಾಭ ಸುಮಾರು 7,500 ಹೆಜ್ಜೆಯ ಹೊತ್ತಿಗೆ ಏರುವುದು ನಿಂತಿತ್ತು. ನಾನು ಅಷ್ಟಕ್ಕೇ ನಿಲ್ಲಿಸುತ್ತೇನೆ.

ಒಂದು ದಿನದ ತೂಕ ನೋಡಿ ಕಂಗೆಡಬಾರದು, ಇದನ್ನು ಒತ್ತಿ ಹೇಳುತ್ತೇನೆ. ಉಪ್ಪಿನಕಾಯಿ ತಿಂದ ಮಾರನೇ ದಿನ ಏರುತ್ತದೆ, ಏಕಾದಶಿಯ ಮಾರನೇ ದಿನ ಇಳಿಯುತ್ತದೆ, ಎರಡೂ ಬಹುಪಾಲು ನೀರು. ಫೋನಿನಲ್ಲಿ ವಾರದ ಸರಾಸರಿ ತೋರಿಸುವ ಗೆರೆ ಇರುತ್ತದೆ, ಅದನ್ನು ನಂಬಿ. ನಮ್ಮಿಬ್ಬರ ಒಪ್ಪಂದ ಎಂದರೆ ಸರಾಸರಿ ಎರಡು ಕಿಲೋ ಏರಿದರೆ ಆ ದಿನದಿಂದ ಊಟ ಮತ್ತೆ ಬರೆಯುವುದು, ರಾತ್ರಿ ಅನ್ನ ಒಂದೇ ಸಲ ಬಡಿಸಿಕೊಳ್ಳುವುದು, ಕರಿದದ್ದು ಭಾನುವಾರಕ್ಕೆ. ಎರಡು ಕಿಲೋ ಇಳಿಸಲು ನಮಗೆ ಮೂರು ನಾಲ್ಕು ವಾರ ಸಾಕಾಗುತ್ತದೆ. ಒಂಬತ್ತು ಕಿಲೋ ಇಳಿಸಲು ನನಗೆ ಒಂಬತ್ತು ತಿಂಗಳು ಹಿಡಿದಿತ್ತು. ಔಷಧ ತೆಗೆದುಕೊಳ್ಳುವವರು, ಊಟದ ವಿಷಯದಲ್ಲಿ ಮನಸ್ಸು ನೊಂದವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಇಳಿಯಬೇಡಿ. ದಿನಾ ತಕ್ಕಡಿ ನೋಡುವುದು ಎಲ್ಲರ ಮನಸ್ಸಿಗೂ ಆಗುವುದಿಲ್ಲ.

ಈಗ ನಮ್ಮ ಕಡೆಯ ಅಕ್ಕತಂಗಿಯರಲ್ಲಿ ನನ್ನದೊಂದು ಕೇಳಿಕೆ. ಎಲ್ಲರಿಗೂ ಬೇಲಿಯಾಚೆ ಇಂಥ ಅತ್ತಿಗೆ ಇರುವುದಿಲ್ಲ. ಮಲೆನಾಡಿನ ಮನೆಗಳು ದೂರದೂರ. ಒಂದು ಮನೆಯ ದೀಪ ಇನ್ನೊಂದಕ್ಕೆ ಕಾಣದ ಊರುಗಳಿವೆ. ಆದರೆ ಊರೂರಲ್ಲೂ ಸ್ವಸಹಾಯ ಸಂಘವಿದೆ. ವಾರಕ್ಕೊಮ್ಮೆ ಸೇರುತ್ತೀರಿ, ಉಳಿತಾಯದ ಪುಸ್ತಕ ಬರೆಯುತ್ತೀರಿ. ಸಭೆ ನಡೆಯುವ ಮನೆಯ ಒಳಕೋಣೆಯಲ್ಲಿ, ಸಮನಾದ ಕಲ್ಲಿನ ಮೇಲೆ, ಒಂದು ತಕ್ಕಡಿ ಇಡಿ. ಇಷ್ಟವಿದ್ದವರು ಹತ್ತಲಿ, ತಮ್ಮ ಪುಸ್ತಕದಲ್ಲಿ ತಾವೇ ಬರೆದುಕೊಳ್ಳಲಿ. ಪಕ್ಕದಲ್ಲಿ ಕೂತವಳು ಮೆತ್ತಗೆ ಕೇಳಲಿ, "ಎಷ್ಟು ಬಂತೇ?" ಡಿಜಿಟಲ್ ತಕ್ಕಡಿಗೆ ಸಾವಿರ ರೂಪಾಯಿ ಆಸುಪಾಸು. ಹತ್ತು ಜನರ ಸಂಘವಾದರೆ ತಲೆಗೆ ನೂರು.