ಬೀಗತಿಯರ ಹೊದಿಕೆ

ಸೀರೆಗೆ ಕುಚ್ಚು ಹಾಕೋ ಕೈಗೆ ಟ್ಯುನೀಷಿಯನ್ ಕ್ರೋಶ ಬಂದೇ ಬರುತ್ತೆ ಅಂತ ನಾನು. ಬರೋಲ್ಲ ಅಂತ ಪಕ್ಕದ ಮನೆ ಅಕ್ಕ. ದಾಸವಾಳದ ಬೇಲಿಯ ಆಚೆ ಅವರು, ಈಚೆ ನಾನು. ಆಷಾಢ ಬೇರೆ. ಮದುವೆ ಇಲ್ಲ ಅಂದಮೇಲೆ ಹೊಸ ಸೀರೆ ಇಲ್ಲ, ಸೀರೆ ಇಲ್ಲ ಅಂದಮೇಲೆ ಕುಚ್ಚಿನ ಕೆಲಸವೂ ಇಲ್ಲ. ಮಾತಿಗೆ ಬೇಕಾದಷ್ಟು ಬಿಡುವು.

ಮಾತು ಶುರುವಾಗಿದ್ದು ಅವರ ಮಗಳಿಂದ. ಹೋದ ಆಷಾಢದಲ್ಲಿ ಆ ಹುಡುಗಿ ಗುಂಡ್ಲುಪೇಟೆಯಿಂದ ಗಂಡನ ಜೊತೆ ಚಾಮರಾಜೇಶ್ವರನ ತೇರಿಗೆ ಬಂದಿದ್ದಳು. ಬೇರೆ ಕಡೆ ಆಷಾಢ ಬಂತೆಂದರೆ ಹೊಸ ಜೋಡಿಯನ್ನು ದೂರ ಇಡುತ್ತಾರೆ. ನಮ್ಮ ಚಾಮರಾಜನಗರದ ತೇರಿಗೆ ಮಾತ್ರ ಹೊಸ ಜೋಡಿಗಳೇ ಬಂದು ಹಣ್ಣು ಜವನ ಎಸೆಯಬೇಕು. 2017ರಲ್ಲಿ ತೇರಿಗೆ ಬೆಂಕಿ ಬಿದ್ದಮೇಲೆ 2022ರಲ್ಲಿ ಹೊಸ ತೇರು ಎಳೆಯುವ ತನಕ ಎಷ್ಟು ಜೋಡಿಗಳಿಗೆ ಆ ಭಾಗ್ಯ ತಪ್ಪಿತೋ! ಅಕ್ಕನ ಮಗಳಿಗೆ ಸಿಕ್ಕಿತು. ಈಗ ಅವಳಿಗೆ ಏಳು ತಿಂಗಳು. ಬಾಣಂತನ ಇಲ್ಲೇ ಮುಗಿಸಿಕೊಂಡು ಮಗು ಎತ್ತಿಕೊಂಡು ಗಂಡನ ಮನೆಗೆ ಹೊರಡುವಾಗ ಧನುರ್ಮಾಸದ ಚಳಿ ಹಿಡಿದಿರುತ್ತೆ. ಗುಂಡ್ಲುಪೇಟೆ ಅಂದರೆ ಬಂಡೀಪುರದ ಕಾಡಿನ ಮಗ್ಗುಲು. ಅಲ್ಲಿಗೆ ಹತ್ತಿರದ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎತ್ತರ. ಮಂಜು ಕವಿಯೋ ಬೆಟ್ಟ ಅಂತಲೇ ಅದಕ್ಕೆ ಹಿಮವದ್ ಅನ್ನೋ ಹೆಸರು.

"ಕುರುಬರ ಕಂಬಳಿ ಒಂದದೆ ಕಣಮ್ಮಿ, ನಮ್ಮಪ್ಪಂದು. ಆದ್ರೆ ಎಳೆ ಮೈಗೆ ಚುಚ್ಚತದೆ."

"ಒಂದು ಹೊದಿಕೆ ಹೆಣೀರಿ ಅಕ್ಕ, ನಿಮ್ಮ ಕೈಯಾರೆ. ಟ್ಯುನೀಷಿಯನ್ ಹಾಕಿದರೆ ಒತ್ತಾಗಿ ಬರುತ್ತೆ, ಬೆಚ್ಚಗಿರುತ್ತೆ. ದಾರ ಮಾತ್ರ ಸ್ವಲ್ಪ ಜಾಸ್ತಿ ತಿನ್ನುತ್ತೆ."

ಟ್ಯುನೀಷಿಯಾ ಎಲ್ಲಿದೆ ಅಂತ ಕೇಳಿದರು. ಆಫ್ರಿಕಾದ ಉತ್ತರದ ತುದಿಯಲ್ಲಿ, ಸಮುದ್ರದ ದಂಡೆ ಮೇಲೆ ಅಂದೆ. 19ನೇ ಶತಮಾನದ ಇಂಗ್ಲೆಂಡಿನ ಹೆಣಿಗೆ ಪುಸ್ತಕಗಳಲ್ಲೂ ಈ ಕೆಲಸ ಇದೆ, ಅಲ್ಲಿ ಬೇರೆ ಬೇರೆ ಹೆಸರು. ಹೆಸರು ಯಾವ ದೇಶದ್ದಾದರೂ ಇರಲಿ, ಇದರ ಅರ್ಧ ಪಾಠ ಅಕ್ಕನಿಗೆ ಆಗಲೇ ಗೊತ್ತು. ಕ್ರೋಶ ಕಡ್ಡಿಯಲ್ಲಿ ರೇಷ್ಮೆ ದಾರ ಎಳೆದು, ಚೈನ್ ಹಾಕಿ, ಮಣಿ ಪೋಣಿಸಿ ಸೆರಗಿನುದ್ದಕ್ಕೂ ಕುಚ್ಚು ಕಟ್ಟಿದ ಕೈ ಅದು. ಹೊಸದಾಗಿ ಕಲಿಯಬೇಕಾದ್ದು ಇಷ್ಟೇ: ಕುಣಿಕೆಯನ್ನು ಆಗಿಂದಾಗಲೇ ಮುಗಿಸದೆ ಕಡ್ಡಿಯ ಮೇಲೇ ಇಟ್ಟುಕೊಳ್ಳೋದು.

ಉಲ್ಲನ್ ಉಂಡೆ, ಆರು ಮಿಲಿಮೀಟರ್ ಕಡ್ಡಿ ತಂದು ಬೇಲಿ ಮೇಲಿಂದಲೇ ತೋರಿಸಿದೆ. ಚೌಕ ಚೌಕವಾಗಿ ಹೆಣೆದು ಆಮೇಲೆ ಕೂಡಿಸೋದು. ಒಂದು ಚೌಕಕ್ಕೆ ಇಪ್ಪತ್ತು ಚೈನ್. ಎರಡನೇ ಚೈನಿನಿಂದ ಶುರುಮಾಡಿ, ಒಂದೊಂದರೊಳಗೂ ಕಡ್ಡಿ ತೂರಿಸಿ ದಾರ ಎಳೆದು ಆ ಕುಣಿಕೆಯನ್ನು ಹಾಗೇ ಬಿಡೋದು. ಎಡತುದಿ ಮುಟ್ಟುವಾಗ ಕಡ್ಡಿಯ ಮೇಲೆ ಇಪ್ಪತ್ತು ಕುಣಿಕೆ ಸಾಲಾಗಿ ಕೂತಿರುತ್ತವೆ. ಈಗ ಕೆಲಸವನ್ನು ತಿರುಗಿಸೋದಿಲ್ಲ. ಮುಖ ನಮ್ಮ ಕಡೆಗೇ ಇರುತ್ತೆ. ದಾರ ಸುತ್ತಿ ಮೊದಲು ಒಂದೇ ಕುಣಿಕೆಯಿಂದ ಎಳೆಯೋದು, ಆಮೇಲೆ ಸುತ್ತಿ ಸುತ್ತಿ ಎರಡೆರಡರಿಂದ ಎಳೀತಾ ಬಲಕ್ಕೆ ಬರೋದು, ಕಡೆಗೆ ಒಂದು ಉಳಿಯೋ ತನಕ.

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದರು. "ಅಂದ್ರೆ ಗುಂಡ್ಲುಪೇಟೆ ಬಸ್ಸು. ಹೋಗ್ತಾ ಸ್ಟಾಪ್‌ಗೊಬ್ಬರನ್ನ ಹತ್ತಿಸ್ಕೊಂಡು ಹೋಗದು, ಬರ್ತಾ ಒಬ್ಬೊಬ್ಬರನ್ನೇ ಇಳಿಸ್ಕೊಂಡು ಬರದು."

ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರುತ್ತಿರಲಿಲ್ಲ. ಎರಡನೇ ಸಾಲಿಗೆ ಅವರೇ ಕಡ್ಡಿ ಇಸಿದುಕೊಂಡರು. ಮೊದಲ ಸಾಲು ಮುಗಿದಮೇಲೆ ಮುಂಭಾಗದಲ್ಲಿ ನೆಟ್ಟಗೆ ನಿಂತ ಎಳೆಗಳು ಕಾಣುತ್ತವೆ. ಒಂದೊಂದು ಎಳೆಯ ಹಿಂದೆ ಕಡ್ಡಿ ಹೋಗಿ ದಾರ ತರಬೇಕು. ಬಲತುದಿಯ ಮೊದಲ ಎಳೆಯನ್ನು ಬಿಡಬೇಕು, ಕಡ್ಡಿಯ ಮೇಲಿರುವ ಕುಣಿಕೆಯೇ ಅದರ ಲೆಕ್ಕ. ಎಡತುದಿಯ ಕೊನೆಯ ಎಳೆಯಲ್ಲಿ ಮಾತ್ರ ಹಿಂದಿನ ಎಳೆಯನ್ನೂ ಸೇರಿಸಿ ಎರಡರ ಕೆಳಗೆ ಕಡ್ಡಿ ಹಾಕಬೇಕು. ಈ ಕೆಲಸದಲ್ಲಿ ಮುಖ್ಯ ಅಂತ ನಾನು ಒತ್ತಿ ಹೇಳೋದು ಇದೊಂದನ್ನೇ. ಆ ಕೊನೆಯ ಎಳೆ ಕಣ್ತಪ್ಪಿಸಿಕೊಳ್ಳುತ್ತೆ. ಸಾಲಿಗೊಂದು ಬಿಟ್ಟುಹೋದರೂ ಚೌಕ ಅನ್ನೋದು ಮೇಲೆ ಹೋಗ್ತಾ ಹೋಗ್ತಾ ಸಣ್ಣಗಾಗುತ್ತೆ. ಪ್ರತಿ ಸಾಲಿಗೂ ಎಣಿಸೋದು ಬೇಸರ ಅಂತ ಬಿಡಬಾರದು.

ಚೌಕ ಯಾಕೆ, ಒಂದೇ ಹೊದಿಕೆಯಾಗಿ ಯಾಕೆ ಹೆಣೆಯಬಾರದು ಅಂದರು. ಕುಣಿಕೆಯೆಲ್ಲ ಕಡ್ಡಿ ಮೇಲೇ ಇರಬೇಕಲ್ಲ, ಪೂರ್ತಿ ಅಗಲಕ್ಕೆ ತುದಿಯಲ್ಲಿ ಗುಂಡು ಇರೋ ಉದ್ದ ಕಡ್ಡಿಯೋ ಕೇಬಲ್ ಇರೋ ಕಡ್ಡಿಯೋ ಬೇಕು. ಇಪ್ಪತ್ತು ಕುಣಿಕೆಗಾದರೆ ಮನೇಲಿರೋ ನೇರ ಕಡ್ಡಿ ಸಾಕು, ಹೆಬ್ಬೆರಳಿಡುವ ಚಪ್ಪಟೆ ಜಾಗ ಇಲ್ಲದ್ದಾದರೆ ಇನ್ನೂ ಒಳ್ಳೇದು. ಇನ್ನೊಂದು ಗುಣ, ಈ ಹೊಲಿಗೆಯ ಒಂದೊಂದು ಮನೆಯೂ ಉದ್ದ ಅಗಲದಲ್ಲಿ ಹೆಚ್ಚುಕಮ್ಮಿ ಸಮ. ಮುಗಿದಮೇಲೆ ಅದರ ಮೇಲೆ ಕ್ರಾಸ್ ಸ್ಟಿಚ್ ಕಸೂತಿಯಲ್ಲಿ ಮಗುವಿನ ಹೆಸರನ್ನೂ ಬರೆಯಬಹುದು.

"ಅರ್ಧದಷ್ಟು ಚೌಕ ಬೀಗತಿ ಹಾಕ್ತೀನಿ ಅಂತವ್ರೆ," ಅಂದರು ಅಕ್ಕ, ದನಿ ತಗ್ಗಿಸಿ. "ಅವ್ರದ್ದೂ ನಂದೂ ಒಂದಕ್ಕೊಂದು ಕೂಡತದಾ?"

ಸಂಬಂಧ ಬೆಳೆದ ಮನೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. 2016ರ ಜನವರಿಯಲ್ಲಿ ಚೆನ್ನೈಯಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಅನ್ನೋ ಗುಂಪು 11,148.5 ಚದರ ಮೀಟರ್ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದದ್ದನ್ನು ಹೇಳಿದೆ. ಎಷ್ಟೋ ಊರಿನ ಎಷ್ಟೋ ಹೆಂಗಸರ ಕೈಕೆಲಸ ಒಂದಾಗಿ ಕೂಡಿದ್ದು ಅದು. ಅಳತೆ ಒಂದೇ ಇಟ್ಟುಕೊಂಡರು, ಕೂಡಿತು. ಕುಣಿಕೆಯ ಲೆಕ್ಕ ಒಂದೇ ಇಟ್ಟರೆ ಸಾಲದು.

ಕುಚ್ಚು ಹಾಕಿ ಹಾಕಿ ಅಕ್ಕನ ಕೈ ಬಿಗಿ. ರೇಷ್ಮೆ ಜಾರಬಾರದಲ್ಲ. ಅದೇ ಬಿಗಿಯಲ್ಲಿ ಉಲ್ಲನ್ ಎಳೆದರೆ ಇಪ್ಪತ್ತು ಕುಣಿಕೆಗೆ ಚೌಕಕ್ಕೆ ಬೇಕಾದ ಆರು ಇಂಚು ಬರೋದಿಲ್ಲ, ಕೆಳಗಿನ ಅಂಚೂ ಮೇಲಕ್ಕೆ ಸುರುಳಿ ಸುತ್ತುತ್ತೆ. ಟ್ಯುನೀಷಿಯನ್ನಿನ ಸ್ವಭಾವವೇ ಹಾಗೆ. ಮರಳಿ ಬರುವ ದಾರ ಹಿಂಬದಿಗೆ ಸೇರುತ್ತೆ, ಬಟ್ಟೆ ಮುಂದಕ್ಕೆ ಬಾಗುತ್ತೆ. ಬೀಗತಿಯ ಕೈ ಸಡಿಲ ಅಂತೆ. ಹಾಗಾದರೆ ಯಾರ ಕೈಯನ್ನೂ ತಿದ್ದೋಕೆ ಹೋಗಬೇಡಿ, ಕಡ್ಡಿ ಬದಲಿಸಿ ಅಂದೆ. ಅಕ್ಕನಿಗೆ ಆರರ ಬದಲು ಏಳು, ಬೀಗತಿಗೆ ಬೇಕಾದರೆ ಐದೂವರೆ. ಇಬ್ಬರೂ ಒಂದೊಂದು ಚೌಕ ಮುಗಿಸಿ ಟೇಪು ಹಿಡಿದು ಅಳೆದು, ಸರಿಬಂದ ಮೇಲೆ ಮಿಕ್ಕವನ್ನು ಹಾಕೋದು. ಸುರುಳಿ ಇನ್ನೂ ಬಿಡದಿದ್ದರೆ ಮೊದಲ ಸಾಲನ್ನು ಚೈನಿನ ಹಿಂಬದಿಯ ಗಂಟಿಗೆ ಹಾಕಬೇಕು. ಒದ್ದೆ ಮಾಡಿ ಪಿನ್ನು ಚುಚ್ಚಿ ಒಣಗಿಸಿದರೆ ಹತ್ತಿ, ಉಣ್ಣೆ ಎರಡೂ ಮಾತು ಕೇಳುತ್ತವೆ. ಅಕ್ರಿಲಿಕ್ ಅಷ್ಟು ಸುಲಭಕ್ಕೆ ಕೇಳೋದಿಲ್ಲ.

"ಒಟ್ಟು ಎಷ್ಟು ಬೇಕಮ್ಮಿ?"

"ಅಡ್ಡಕ್ಕೆ ಐದು, ಉದ್ದಕ್ಕೆ ಆರು. ಮೂವತ್ತು. ನಿಮಗೆ ಹದಿನೈದು, ಅವರಿಗೆ ಹದಿನೈದು."

ಅರಿಶಿನದ ಬಣ್ಣ ತಮಗಿರಲಿ ಅಂದರು. ಬೀಗತಿಗೆ ಹಸಿರು ಇಷ್ಟ ಅಂತ ಅವರಿಗೆ ಆಗಲೇ ಗೊತ್ತಿತ್ತು. ಕೂಡಿಸುವಾಗ ಒಂದು ಬಿಟ್ಟು ಒಂದು ಇಡಬೇಕು, ಇದು ಯಾರ ಮನೆಯದು ಅಂತ ಒಂದು ಕಡೆ ಗುಂಪಾಗಿ ಕಾಣಬಾರದು ಅಂತಲೂ ಅವರೇ ಹೇಳಿದರು. ನಾನು ಒಂದು ಮಾತು ಸೇರಿಸಿದೆ: ದಾರವನ್ನು ಎರಡೂ ಊರಲ್ಲಿ ಬಿಡಿಬಿಡಿಯಾಗಿ ಕೊಳ್ಳಬೇಡಿ, ಒಂದೇ ಸಲ ಒಂದೇ ಅಂಗಡಿಯಲ್ಲಿ ತಗೊಳ್ಳಿ, ಉಂಡೆಯ ಚೀಟಿಯ ಮೇಲಿನ ಲಾಟ್ ನಂಬರ್ ನೋಡಿ. ಒಂದೇ ಹಸಿರು ಅಂತ ತಂದರೂ ಬೇರೆ ಲಾಟ್ ಆದರೆ ಬಿಸಿಲಿಗೆ ಹಿಡಿದಾಗ ವ್ಯತ್ಯಾಸ ಕಾಣುತ್ತೆ.

"ಹಂಗಾದ್ರೆ ಅವ್ರಿಗೆ ಇವತ್ತೇ ಫೋನ್ ಮಾಡ್ತೀನಿ," ಅಂತ ಅಕ್ಕ ಒಳಗೆ ಹೋದರು, ನನ್ನ ಕಡ್ಡಿಯನ್ನೂ ಉಂಡೆಯನ್ನೂ ತಗೊಂಡೇ.